ಮಾವನ ಹಳೇ ಕಂಪ್ಯೂಟರಿನಲ್ಲಿ ಥೀಫ್, ಡೇಯಸ್ ಎಕ್ಸ್ ಸಿಕ್ಕಿವೆ. ಇಂಥ ಆಟಗಳು ಇನ್ನೇನೇನಿವೆ?

ಏಲಕ್ಕಿ19 (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಇದೇ ಮೊದಲ ಸಲ ಬರೆಯುತ್ತಿದ್ದೇನೆ. ನನಗೆ 19 ವರ್ಷ. ಹಾಸನದಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ. ಅಜ್ಜಿಮನೆ ಮೂಡಿಗೆರೆ ಹತ್ತಿರ.

ಈ ರಜೆಗೆ ಅಜ್ಜಿಮನೆಗೆ ಬಂದಾಗಿನಿಂದ ಮಳೆ ಬಿಟ್ಟೇ ಇಲ್ಲ. ನೆಟ್‌ವರ್ಕ್ ಬೇಕೆಂದರೆ ಗೇಟಿನ ತನಕ ಛತ್ರಿ ಹಿಡಿದು ಹೋಗಬೇಕು. ಬೇಜಾರಾಗಿ ಮಾವನ ಹಳೇ ಕಂಪ್ಯೂಟರ್ ಆನ್ ಮಾಡಿದೆ. ಪೆಂಟಿಯಂ 4, ಎಕ್ಸ್‌ಪಿ, ದೊಡ್ಡ ಡಬ್ಬದಂಥ ಮಾನಿಟರ್. ಮಾವ 2002ರಲ್ಲಿ ಹಾಸನದಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದರು, ಆಗಿನ ಮೆಷಿನ್ ಅದು. ಈಗ ಅದರಲ್ಲಿ ತೋಟದ ಲೆಕ್ಕ ಬರೆಯುತ್ತಾರೆ. ಬೂಷ್ಟು ಹಿಡಿಯದಿರಲಿ ಅಂತ ಮಳೆಗಾಲದಲ್ಲೂ ಎರಡು ದಿನಕ್ಕೊಮ್ಮೆ ಆನ್ ಮಾಡುತ್ತಾರೆ.

ಅದರ ಡಿ ಡ್ರೈವ್‌ನಲ್ಲಿ ಒಂದು ಫೋಲ್ಡರ್. ಒಳಗೆ ಥೀಫ್ ಮತ್ತು ಡೇಯಸ್ ಎಕ್ಸ್. ನಾನು ಮೊಬೈಲಿನಲ್ಲಿ ಶೂಟಿಂಗ್ ಆಟ ಆಡಿದವಳು. ಗೆಳತಿಯ ಲ್ಯಾಪ್‌ಟಾಪಿನಲ್ಲಿ ಸ್ವಲ್ಪ ವ್ಯಾಲೊರಂಟ್. ಥೀಫ್ ತೆರೆದು ಹತ್ತು ನಿಮಿಷದಲ್ಲಿ ಮೂರು ಸಲ ಸತ್ತೆ. ಕತ್ತಿ ಹಿಡಿದು ನೇರ ಮುಂಬಾಗಿಲಿಗೇ ಹೋಗಿದ್ದೆ!

ನಾಲ್ಕನೇ ಸಲ ಸುಮ್ನೆ ಮೂಲೆಯಲ್ಲಿ ನಿಂತೆ. ಆಗ ಇಬ್ಬರು ಕಾವಲುಗಾರರು ಮಾತಾಡುವುದು ಕೇಳಿತು. ಕರಡಿ ಕಾಳಗ ನೋಡಲು ಹೋಗುವ ವಿಷಯ ಮಾತಾಡುತ್ತಿದ್ದರು. ಅವರಿಗೆ ನಾನು ಇರುವುದೇ ಗೊತ್ತಿಲ್ಲ. ಪರದೆಯ ಕೆಳಗೆ ಒಂದು ಹರಳು ಇದೆ, ನಾನು ಕತ್ತಲಲ್ಲಿದ್ದರೆ ಅದು ಕಪ್ಪಾಗುತ್ತದೆ. ನೀರಿನ ಬಾಣ ಬಿಟ್ಟರೆ ಪಂಜು ಆರುತ್ತದೆ. ಕಲ್ಲು ಹಾಸಿನ ಮೇಲೆ ನಡೆದರೆ ಟಕ್ ಟಕ್ ಅಂತ ಕೇಳಿ ಕಾವಲಿನವನು ಬರುತ್ತಾನೆ, ಜಮಖಾನದ ಮೇಲೆ ನಡೆದರೆ ಬರುವುದಿಲ್ಲ. ಇದನ್ನು ಯಾರೂ ಹೇಳಿಕೊಡಲಿಲ್ಲ. ನಾನೇ ಕಂಡುಕೊಂಡೆ. ಆಮೇಲೆ ಮನೆಯ ಹೊರಗೆ ಒಂದು ಬಾವಿ ಸಿಕ್ಕಿತು. ಧೈರ್ಯ ಮಾಡಿ ಹಾರಿದೆ. ನೀರಿನ ದಾರಿ ಹಿಡಿದು ಮನೆಯ ಒಳಗೇ ಬಂದೆ. ಆಗ ಆದ ಖುಷಿಗೆ ಕೂಗಿಬಿಟ್ಟೆ, ಅಜ್ಜಿ ಎದ್ದು ಬಂದರು.

ಇನ್ನೊಂದು ವಿಷಯ. ಹಳೇ ಸೇವ್‌ಗಳ ಪಟ್ಟಿ ನೋಡಿದರೆ ಅಲ್ಲಿ ಮಾವನ ಸೇವ್‌ಗಳು ಹಾಗೇ ಇವೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಹೆಸರುಗಳು. ಒಂದರ ಹೆಸರು 'ಬಾವಿ'. ಮಾವನೂ ಅದೇ ಬಾವಿಗೆ ಹಾರಿದ್ದರು!

ನನ್ನ ಪ್ರಶ್ನೆಗಳು. ಈ ಬಗೆಯ ಆಟಕ್ಕೆ ಏನಂತಾರೆ? ಇನ್ನೇನೇನಿವೆ? ಹಾಸನಕ್ಕೆ ವಾಪಸ್ ಹೋದ ಮೇಲೆ ನನ್ನ ಲ್ಯಾಪ್‌ಟಾಪಿನಲ್ಲಿ ಆಡಬಹುದಾ? 8 ಜಿಬಿ ರ್‍ಯಾಮ್ ಇದೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ.

ಅರಸೀಕೆರೆ_ಪ್ಯಾಸೆಂಜರ್

ಇಮ್ಮರ್ಸಿವ್ ಸಿಮ್ ಅಂತಾರೆ ತಂಗಿ, ಆಡುವವರೇ ತಮ್ಮ ದಾರಿ ಕಂಡುಕೊಳ್ಳುವ ಆಟ. ಪುಣ್ಯ ಮಾಡಿದ್ದೀಯ. ಬಾವಿಯ ವಿಷಯ ಯಾರೂ ಹೇಳದೆ ನಿನಗೇ ಸಿಕ್ಕಿತಲ್ಲ, ಅದಕ್ಕೆ ಹೊಟ್ಟೆಕಿಚ್ಚಾಗುತ್ತಿದೆ. ನಾನು ಯೂಟ್ಯೂಬ್ ನೋಡಿಕೊಂಡು ಆಡಿದವನು.

ಬಿಎಂರೋಡ್_ಹಳಬ

ತಂಗಿ, ನಿನ್ನ ಪೋಸ್ಟ್ ಎರಡು ಸಲ ಓದಿದೆ. 2000ದಲ್ಲಿ ನಾನು ಹಾಸನದ ಬಿ.ಎಂ. ರಸ್ತೆಯ ಒಂದು ಸೈಬರ್ ಕೆಫೆಯಲ್ಲಿ ಸಿಸ್ಟಂ ಶಾಕ್ 2 ಆಡುತ್ತಿದ್ದೆ. ಗಂಟೆ ಲೆಕ್ಕ. ಬೇರೆ ಹುಡುಗರೆಲ್ಲ ಸಾಲಾಗಿ ಕೂತು ಒಬ್ಬರನ್ನೊಬ್ಬರು ಹೊಡೆಯುತ್ತಿದ್ದರು. ನಾನು ಮೂಲೆಯ ಮೆಷಿನ್ ಹಿಡಿದು ಬಾಹ್ಯಾಕಾಶ ನೌಕೆಯಲ್ಲಿ ಒಬ್ಬನೇ ಅಲೆಯುತ್ತಿದ್ದೆ. ಮರುದಿನ ಹೋದರೆ ನನ್ನ ಸೇವ್ ಮೇಲೆ ಬೇರೆ ಯಾರೋ ಸೇವ್ ಮಾಡಿರುತ್ತಿದ್ದರು. ಮೊದಲ ಮಹಡಿಯನ್ನು ಎಷ್ಟು ಸಲ ಆಡಿದ್ದೇನೋ ಲೆಕ್ಕವಿಲ್ಲ. ಆದರೂ ಪ್ರತಿ ಸಲ ಬೇರೆ ಥರ ಆಗುತ್ತಿತ್ತು. ಒಂದು ಸಲ ಹ್ಯಾಕ್ ಮಾಡಿ ಹೋದೆ, ಇನ್ನೊಂದು ಸಲ ವ್ರೆಂಚ್ ಹಿಡಿದು ಬಡಿಯುತ್ತಾ ಹೋದೆ.

ಇದರ ಬೇರು ಎಲ್ಲಿದೆ ಅಂತ ಗೊತ್ತಿದ್ದರೆ ಆಟ ಇನ್ನೂ ಹತ್ತಿರವಾಗುತ್ತದೆ. 1992ರ ಮಾರ್ಚ್‌ನಲ್ಲಿ ಅಲ್ಟಿಮಾ ಅಂಡರ್‌ವರ್ಲ್ಡ್ ಬಂತು. ವುಲ್ಫೆನ್‌ಸ್ಟೈನ್ 3ಡಿ ಬಂದದ್ದು ಅದರ ನಂತರ, ಮೇನಲ್ಲಿ. ಎಲ್ಲರೂ ಬಂದೂಕಿನ ಆಟದ ಹಿಂದೆ ಹೋದರು. ಆದರೆ ಅಂಡರ್‌ವರ್ಲ್ಡ್ ಮಾಡಿದವರ ತಲೆಯಲ್ಲಿ ಬೇರೆ ಯೋಚನೆ ಇತ್ತು. ಪಾಲ್ ನ್ಯೂರಾತ್, ಡಗ್ ಚರ್ಚ್ ಮತ್ತವರ ತಂಡ. ಕಥೆ ಹೇಳುವ ಬದಲು ಒಂದು ಜಾಗ ಕಟ್ಟೋಣ, ಅದಕ್ಕೆ ನಿಯಮ ಕೊಡೋಣ, ಆಡುವವರು ತಮ್ಮ ದಾರಿ ತಾವೇ ಮಾಡಿಕೊಳ್ಳಲಿ ಅನ್ನುವ ಯೋಚನೆ. ಆ ಕಂಪನಿಯೇ ಮುಂದೆ ಲುಕಿಂಗ್ ಗ್ಲಾಸ್ ಆಯಿತು. 1994ರಲ್ಲಿ ಸಿಸ್ಟಂ ಶಾಕ್, 1998ರಲ್ಲಿ ನೀನು ಆಡುತ್ತಿರುವ ಥೀಫ್, 1999ರಲ್ಲಿ ಇರ‍್ಯಾಷನಲ್ ಗೇಮ್ಸ್ ಜೊತೆ ಸೇರಿ ಸಿಸ್ಟಂ ಶಾಕ್ 2.

2000ದ ಮೇ ತಿಂಗಳಲ್ಲಿ ಲುಕಿಂಗ್ ಗ್ಲಾಸ್ ಮುಚ್ಚಿತು. ಅದರ ಮುಂದಿನ ತಿಂಗಳೇ ಡೇಯಸ್ ಎಕ್ಸ್ ಬಂತು. ಅದನ್ನು ಮಾಡಿಸಿದ ವಾರನ್ ಸ್ಪೆಕ್ಟರ್ ಮೊದಲ ಸಿಸ್ಟಂ ಶಾಕ್‌ನಲ್ಲೂ ಇದ್ದವರು. ಆ ವರ್ಷ ಅವರು ಡೇಯಸ್ ಎಕ್ಸ್ ಬಗ್ಗೆ ಬರೆದ ಲೇಖನದಿಂದ 'ಇಮ್ಮರ್ಸಿವ್ ಸಿಮ್ಯುಲೇಷನ್' ಅನ್ನುವ ಮಾತು ಎಲ್ಲರ ಬಾಯಿಗೆ ಬಂತು. ಅವರ ಜೊತೆ ಡೇಯಸ್ ಎಕ್ಸ್ ವಿನ್ಯಾಸ ಮಾಡಿದ ಹಾರ್ವಿ ಸ್ಮಿತ್ ಮುಂದೆ ಡಿಸ್‌ಆನರ್ಡ್ ಮಾಡಿದರು. ಒಂದೇ ಮನೆತನ ನೋಡು.

ಥೀಫ್ ಮುಗಿಸಿ ಡೇಯಸ್ ಎಕ್ಸ್ ತೆರೆ. ಮಾವನ ಸೇವ್‌ಗಳನ್ನು ಮಾತ್ರ ಈಗಲೇ ತೆರೆಯಬೇಡ. ನೀನು ಆಡಿದ ಮೇಲೆ ನೋಡು.

ಸಿಲ್ವರ್_ಓಕ್

ಆಲ್ದೂರಿನಿಂದ. ನಮ್ಮದು ಕಾಫಿ ತೋಟ, ವಯಸ್ಸು 38. ಥೀಫ್ ನನಗೆ ಯಾಕೆ ಇಷ್ಟ ಅಂತ ಹೇಳುತ್ತೇನೆ ಕೇಳು ಪುಟ್ಟಿ.

ನಮ್ಮ ಕಡೆ ಆನೆ ಬರುತ್ತದೆ. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ನಡೆಯಬೇಕಾದರೆ ಕಿವಿಯೇ ಕಣ್ಣು. ಬೇಸಿಗೆಯಲ್ಲಿ ಸಿಲ್ವರ್ ಮರದ ತರಗೆಲೆ ಮೇಲೆ ಕಾಲಿಟ್ಟರೆ ಚರಚರ ಅಂತ ಹತ್ತು ಮಾರು ದೂರ ಕೇಳುತ್ತದೆ. ಮಳೆ ಬಿದ್ದ ಮೇಲೆ ಅದೇ ಎಲೆ ಮೇಲೆ ಸದ್ದೇ ಇಲ್ಲ. ಕಣದ ಸಿಮೆಂಟಿನ ಮೇಲೆ ಚಪ್ಪಲಿ ಸದ್ದು ಬೇರೆ. ನಮ್ಮ ಮನೇಲಿ ಎಲ್ಲರಿಗೂ ಇದು ಗೊತ್ತು, ಯಾರೂ ಪಾಠ ಮಾಡಿದ್ದಲ್ಲ. ಮೊದಲ ಸಲ ಥೀಫ್ ಆಡಿದಾಗ ಮೈ ಜುಂ ಅಂದಿತು. ಯಾವುದೋ ದೇಶದ ಕೆಲವರು ಕೂತು ನಾವು ರಾತ್ರಿ ನಡೆಯುವ ರೀತಿಯನ್ನೇ ಆಟದೊಳಗೆ ಇಟ್ಟಿದ್ದಾರಲ್ಲ ಅನ್ನಿಸಿತು.

ಇನ್ನೊಂದು ಗಮನಿಸು. ಆ ಆಟದಲ್ಲಿ ಸದ್ದು ಗೋಡೆ ತೂರಿಕೊಂಡು ನೇರ ಬರುವುದಿಲ್ಲ. ಕೋಣೆಯಿಂದ ಕೋಣೆಗೆ, ಬಾಗಿಲ ದಾರಿ ಹಿಡಿದು ಬರುತ್ತದೆ. ಹಾಗಾಗಿ ಕಣ್ಣು ಮುಚ್ಚಿ ಕೇಳಿದರೂ ಕಾವಲಿನವನು ಯಾವ ಕಡೆಯಿಂದ ಬರುತ್ತಿದ್ದಾನೆ ಅಂತ ತಿಳಿಯುತ್ತದೆ. ಹೆಡ್‌ಫೋನ್ ಹಾಕಿಕೋ. ಸ್ಪೀಕರಿನಲ್ಲಿ ಆಡಿದರೆ ಅರ್ಧ ಆಟ ಆಡಿದ ಹಾಗೆ.

ಹಾಸನಕ್ಕೆ ಹೋದ ಮೇಲೆ ದ ಡಾರ್ಕ್ ಮಾಡ್ ಇಳಿಸಿಕೋ. ದುಡ್ಡು ಕೊಡಬೇಕಿಲ್ಲ. ಮೊದಲು ಡೂಮ್ 3 ಮೇಲೆ ಕಟ್ಟಿದ ಮಾಡ್ (ಇದ್ದ ಆಟವನ್ನೇ ಬದಲಾಯಿಸಿ ಮಾಡಿದ್ದು) ಆಗಿತ್ತು, 2013ರಿಂದ ಅದೊಂದೇ ಇದ್ದರೂ ನಡೆಯುತ್ತದೆ. ಥೀಫ್ ಅಭಿಮಾನಿಗಳೇ ಮಾಡಿದ ನೂರಕ್ಕೂ ಹೆಚ್ಚು ಮಿಷನ್‌ಗಳಿವೆ. ಆಟದ ಒಳಗಿನಿಂದಲೇ ಇಳಿಸಿಕೊಳ್ಳಬಹುದು.

ಏಲಕ್ಕಿ19

ಅಕ್ಕಾ, ನಿಮ್ಮ ಪೋಸ್ಟ್ ಓದಿ ಹೆಡ್‌ಫೋನ್ ಹಾಕಿ ಮತ್ತೆ ಅದೇ ಮನೆ ಆಡಿದೆ. ನಿಜ! ಒಬ್ಬ ಕಾವಲಿನವನು ಗುನುಗುತ್ತಾ ಬರುತ್ತಾನೆ, ಬಾಗಿಲು ಹಾಕಿದ ತಕ್ಷಣ ಆ ದನಿ ಅಡಗುತ್ತದೆ. ಅಣ್ಣ, ಮಾವನ ಸೇವ್ ಮುಟ್ಟುವುದಿಲ್ಲ, ಮಾತು ಕೊಟ್ಟೆ.

ನಕ್ಷೆ ನೋಡಿ ಮೊದಲು ಸಿಟ್ಟು ಬಂದಿತ್ತು. ಯಾರೋ ಕೈಯಲ್ಲಿ ಗೀಚಿದ ಹಾಗಿದೆ, ಕೆಲವು ಕೋಣೆಗಳೇ ಇಲ್ಲ. ಈಗ ಅನ್ನಿಸುತ್ತಿದೆ, ಕಳ್ಳನಿಗೆ ಇನ್ನೊಬ್ಬರ ಮನೆಯ ಪೂರ್ತಿ ನಕ್ಷೆ ಎಲ್ಲಿಂದ ಸಿಗಬೇಕು, ಅಲ್ವಾ? ಈಗ ನೋಟ್‌ಬುಕ್ಕಿನಲ್ಲಿ ನಾನೇ ಬರೆದುಕೊಳ್ಳುತ್ತಿದ್ದೇನೆ.

ರತ್ನಗಿರಿ_ಬೋರೆ

ಎಲ್ಲರೂ ಹೊಗಳುತ್ತಿದ್ದೀರಿ, ಒಂದು ಮಾತು ನಾನು ಬೇರೆ ಹೇಳುತ್ತೇನೆ. ಹಳೇ ಆಟದ ಕಷ್ಟವನ್ನೆಲ್ಲ ಗುಣ ಅಂತ ಹೇಳಬೇಡಿ. ಥೀಫ್‌ನ ಎರಡನೇ ಮಿಷನ್‌ನಲ್ಲೇ ಗಣಿ, ಅಲ್ಲಿ ಹೆಣಗಳು ಎದ್ದು ಬರುತ್ತವೆ. ಕತ್ತಿಯಲ್ಲಿ ಹೊಡೆದು ಕೆಡವಿದರೂ ಮತ್ತೆ ಏಳುತ್ತವೆ. ಮನೆಗೆ ಕನ್ನ ಹಾಕುವ ಆಟ ಅಂತ ಬಂದವರು ಅಲ್ಲೇ ಬಿಟ್ಟು ಹೋಗುತ್ತಾರೆ. ಡೇಯಸ್ ಎಕ್ಸ್‌ನಲ್ಲಿ ಬಂದೂಕಿನ ತರಬೇತಿ ಇಲ್ಲದಿದ್ದರೆ ಗುರಿ ಕೂರುವುದೇ ಇಲ್ಲ. ಎದುರಿಗೆ ಮೂರಡಿ ದೂರದಲ್ಲಿರುವವನಿಗೂ ಗುಂಡು ತಾಗುವುದಿಲ್ಲ. ಧ್ವನಿ ನಟನೆ ಕೆಲವು ಕಡೆ ಕೇಳಲಾಗದು.

ಹೊಸಬರಿಗೆ ಪ್ರೇ ಅನ್ನುವ ಆಟ ಕೊಡಿ. 2017ರದ್ದು. ಅದರಲ್ಲಿ ನೊರೆ ಉಗುಳುವ ಒಂದು ಬಂದೂಕಿದೆ. ನೊರೆ ಗಟ್ಟಿಯಾಗುತ್ತದೆ, ಗೋಡೆ ಮೇಲೆ ಮೆಟ್ಟಿಲು ಮಾಡಿಕೊಂಡು ಹತ್ತಬಹುದು. ಆಟಿಕೆ ಬಿಲ್ಲೊಂದಿದೆ, ಯಾರಿಗೂ ಗಾಯ ಮಾಡುವುದಿಲ್ಲ. ಅದರ ಮೆತ್ತನೆ ಬಾಣವನ್ನು ಕಿಟಕಿಯ ಸಂದಿಯಿಂದ ಬಿಟ್ಟು, ಒಳಗಿರುವ ಕಂಪ್ಯೂಟರಿನ ಟಚ್ ಸ್ಕ್ರೀನ್ ಒತ್ತಿ ಬಾಗಿಲು ತೆಗೆಯಬಹುದು. ಕಾಫಿ ಕಪ್ ಆಗಿ ಮಾರ್ಪಟ್ಟು ಸಣ್ಣ ಕಿಂಡಿಯಲ್ಲಿ ಉರುಳಿಕೊಂಡು ಹೋಗಬಹುದು. ಲುಕಿಂಗ್ ಗ್ಲಾಸ್ ಕನಸು ಕಂಡದ್ದನ್ನೆಲ್ಲ ಅದು ಮಾಡಿದೆ, ಕೈಗೂ ಹಿತವಾಗಿದೆ.

ಬಿಎಂರೋಡ್_ಹಳಬ

ಪ್ರೇ ಬಗ್ಗೆ ನೂರಕ್ಕೆ ನೂರು ಒಪ್ಪಿದೆ. ಅದನ್ನು ಮಾಡಿದ ಆರ್ಕೇನ್‌ನ ಆಸ್ಟಿನ್ ಸ್ಟುಡಿಯೋ 2024ರ ಮೇನಲ್ಲಿ ಮುಚ್ಚಿತು, ಆ ದಿನ ನನಗೆ 2000ದ ಮೇ ನೆನಪಾಯಿತು.

ಆದರೆ ಗುರಿ ಕೂರದಿರುವುದು ದೋಷ ಅಂತ ಒಪ್ಪಲಾರೆ. ಆಟ ಅಲ್ಲಿ ಒಂದು ಮಾತು ಹೇಳುತ್ತಿದೆ. ನಿನಗೆ ಬಂದೂಕು ಬರುವುದಿಲ್ಲವಾದರೆ ಬೀಗ ತೆಗೆಯುವುದು ಕಲಿ, ಈಜು ಕಲಿ, ಕಂಪ್ಯೂಟರ್ ಕಲಿ. ಎಲ್ಲ ಬಾಗಿಲಿಗೂ ಒಂದೇ ಕೀಲಿ ಇಲ್ಲ.

ರತ್ನಗಿರಿ_ಬೋರೆ

ಅದನ್ನು ಆಟ ಚೆನ್ನಾಗಿ ಹೇಳಬಹುದಿತ್ತು ಅನ್ನುವುದಷ್ಟೇ ನನ್ನ ತಕರಾರು. ಎಷ್ಟೋ ಜನ ಮೊದಲ ಅರ್ಧ ಗಂಟೆಯಲ್ಲೇ ಬಿಟ್ಟು ಹೋದರು. ಅವರಲ್ಲಿ ನನ್ನ ತಮ್ಮನೂ ಒಬ್ಬ. ಅವನಿಗೆ ಈ ಆಟ ಎಷ್ಟು ಹಿಡಿಸುತ್ತಿತ್ತು ಅಂತ ನನಗೆ ಗೊತ್ತು, ಅದಕ್ಕೇ ಬೇಜಾರು.

ಅರಸೀಕೆರೆ_ಪ್ಯಾಸೆಂಜರ್

ಬೋರೆ ಅವರ ಮಾತಲ್ಲಿ ಹುರುಳಿದೆ. ನಾನು ಒಂದು ಮಧ್ಯದ ದಾರಿ ಹೇಳುತ್ತೇನೆ. 2012ರ ಡಿಸ್‌ಆನರ್ಡ್ ಆಡು, ಆದರೆ ಸೆಟ್ಟಿಂಗ್ಸ್‌ಗೆ ಹೋಗಿ ಗುರಿ ತೋರಿಸುವ ಗುರುತುಗಳನ್ನು ಆಫ್ ಮಾಡು.

ಹಳೇಬೀಡಿಗೆ ನಾನು ಮೊದಲ ಸಲ ಹೋದದ್ದು ಕಾಲೇಜಿನ ಟ್ರಿಪ್‌ನಲ್ಲಿ. ಇಲ್ಲಿ ನೋಡಿ, ಅಲ್ಲಿ ನೋಡಿ ಅನ್ನುತ್ತಾ ಮುಕ್ಕಾಲು ಗಂಟೆಯಲ್ಲಿ ಗುಡಿ ಸುತ್ತಿಸಿ ಬಸ್ ಹತ್ತಿಸಿದರು. ಏನೂ ನೆನಪಿಲ್ಲ. ಎರಡನೇ ಸಲ ಒಬ್ಬನೇ ಹೋದೆ, ಹೊರಗೋಡೆಯ ಕೆಳಸಾಲಿನ ಆನೆಗಳನ್ನು ನೋಡುತ್ತಾ ನಿಧಾನಕ್ಕೆ ನಡೆದೆ. ಮಧ್ಯಾಹ್ನದ ಊಟದ ಹೊತ್ತು ದಾಟಿದ್ದೇ ತಿಳಿಯಲಿಲ್ಲ. ಆ ಗುರುತು ಆಫ್ ಮಾಡಿದರೆ ಡಿಸ್‌ಆನರ್ಡ್ ಕೂಡ ಹಾಗೇ ಆಗುತ್ತದೆ. ಮಾಳಿಗೆ, ಮೋರಿ, ಕಿಟಕಿ ಎಲ್ಲ ಕಣ್ಣಿಗೆ ಬೀಳತೊಡಗುತ್ತವೆ. ನೀನು ಎಷ್ಟು ಜನರನ್ನು ಕೊಲ್ಲುತ್ತೀಯೋ ಊರಲ್ಲಿ ಅಷ್ಟು ಇಲಿ, ಅಷ್ಟು ರೋಗ ಹೆಚ್ಚುತ್ತದೆ. ಅದನ್ನೂ ನೋಡು.

ಸಿಲ್ವರ್_ಓಕ್

ಆರ್ಕ್ಸ್ ಫೇಟಾಲಿಸ್ ಹೆಸರು ಯಾರೂ ಎತ್ತಲಿಲ್ಲವಲ್ಲ! 2002ರದ್ದು, ಆರ್ಕೇನ್‌ನವರ ಮೊದಲ ಆಟ. ಮಂತ್ರ ಹಾಕಬೇಕಾದರೆ ಮೌಸಿನಲ್ಲಿ ಗಾಳಿಯಲ್ಲಿ ಅಕ್ಷರ ಬರೆಯಬೇಕು, ರಂಗೋಲಿ ಎಳೆದ ಹಾಗೆ. ಹಿಟ್ಟಿಗೆ ನೀರು ಸೇರಿಸಿ ಕಲಸಿ ಬೆಂಕಿಯ ಹತ್ತಿರ ಇಟ್ಟರೆ ಬ್ರೆಡ್ ಆಗುತ್ತದೆ. ಕಥೆಗೆ ಅದರಿಂದ ಏನೂ ಆಗಬೇಕಿಲ್ಲ, ಆದರೂ ಆಗುತ್ತದೆ. ಆರ್ಕ್ಸ್ ಲಿಬರ್ಟಾಟಿಸ್ ಅನ್ನುವ ಉಚಿತ ಪ್ಯಾಚ್ ಹಾಕಿಕೊಂಡರೆ ನಿನ್ನ ಲ್ಯಾಪ್‌ಟಾಪಿನಲ್ಲಿ ಆರಾಮಾಗಿ ನಡೆಯುತ್ತದೆ. ಪ್ರೇ ಮಾತ್ರ ಭಾರವಾಗಬಹುದು, ಅದನ್ನು ಮುಂದಕ್ಕಿಟ್ಟುಕೋ.

ಕೋಡ್_0451

ನನ್ನ ಹೆಸರು ಯಾಕೆ ಹೀಗಿದೆ ಅಂತ ಈಗ ಹೇಳಬಹುದು. ಸಿಸ್ಟಂ ಶಾಕ್‌ನ ಮೊದಲ ಬಾಗಿಲಿನ ಕೋಡ್ 451. ಲುಕಿಂಗ್ ಗ್ಲಾಸ್ ಆಫೀಸಿನ ಬಾಗಿಲಿನ ಕೋಡ್ ಕೂಡ ಅದೇ ಆಗಿತ್ತು. ಡೇಯಸ್ ಎಕ್ಸ್‌ನ ಲಿಬರ್ಟಿ ದ್ವೀಪದಲ್ಲಿ 0451, ಪ್ರೇನಲ್ಲಿ ನಿನ್ನ ಆಫೀಸಿಗೆ 0451. ಈ ಸಂಖ್ಯೆ ಕಂಡರೆ ನಮ್ಮವರ ಮನೆ ಅಂತ ತಿಳಿ.

ತಾಂತ್ರಿಕ ವಿಷಯ. ಮಾವನ ಮೆಷಿನ್‌ಗೆ ಯಾವ ಪ್ಯಾಚೂ ಹಾಕಬೇಡ. ಅದು ಆ ಕಾಲದ ಆಟ, ಆ ಕಾಲದ ಮೆಷಿನ್. ಆ ಡಬ್ಬ ಮಾನಿಟರ್‌ನಲ್ಲಿ ಕಪ್ಪು ನಿಜವಾಗಿ ಕಪ್ಪಾಗಿ ಕಾಣುತ್ತದೆ, ಥೀಫ್‌ಗೆ ಅದಕ್ಕಿಂತ ಬೇಕಾ? ಮೊದಲು ಎರಡೂ ಆಟದ ಸೇವ್ ಫೋಲ್ಡರ್‌ಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೋ. ಇಪ್ಪತ್ತು ವರ್ಷ ದಾಟಿದ ಹಾರ್ಡ್‌ಡಿಸ್ಕ್ ಯಾವಾಗ ನಿಲ್ಲುತ್ತದೋ ಹೇಳಲಾಗದು.

ಲ್ಯಾಪ್‌ಟಾಪಿಗೆ ಥೀಫ್ ಗೋಲ್ಡ್ (ಅದೇ ಥೀಫ್‌ನ ಹಿಗ್ಗಿಸಿದ ಆವೃತ್ತಿ) ಕೊಂಡುಕೋ, ಸೇಲ್ ಬಂದಾಗ ತುಂಬ ಅಗ್ಗ. ಅದಕ್ಕೆ ಟಿಫಿಕ್ಸ್ ಹಾಕು. ಅದರೊಳಗೆ ನ್ಯೂಡಾರ್ಕ್ ಇದೆ. 2012ರಲ್ಲಿ ನಿಜ ಹೆಸರು ಹೇಳಿಕೊಳ್ಳದ ಒಬ್ಬರು ಅದನ್ನು ಹಂಚಿದರು. ಹೊಸ ವಿಂಡೋಸ್‌ನಲ್ಲಿ, ಅಗಲ ಪರದೆಯಲ್ಲಿ ಥೀಫ್, ಸಿಸ್ಟಂ ಶಾಕ್ 2 ಎರಡೂ ನಡೆಯುವ ಹಾಗಾದದ್ದು ಆ ಪುಣ್ಯಾತ್ಮರಿಂದ. ಥೀಫ್‌ಗೆ 25 ವರ್ಷ ತುಂಬಿದ 2023ರಲ್ಲಿ ಅಭಿಮಾನಿಗಳು ದ ಬ್ಲ್ಯಾಕ್ ಪರೇಡ್ ಅಂತ 10 ಮಿಷನ್‌ಗಳ ಹೊಸ ಕಥೆಯನ್ನೇ ಉಚಿತವಾಗಿ ಕೊಟ್ಟರು. ಅದಕ್ಕೂ ಥೀಫ್ ಗೋಲ್ಡ್ ಬೇಕು.

ಏಲಕ್ಕಿ19 (ಗುರುವಾರ)

ಸೇವ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಅಣ್ಣ, ಥ್ಯಾಂಕ್ಸ್.

ಥೀಫ್‌ನ ಗಣಿಯಲ್ಲಿ ಬೋರೆ ಸರ್ ಹೇಳಿದ್ದು ನಿಜ, ಹೆದರಿ ಎರಡು ದಿನ ಬಿಟ್ಟೆ. ಮಧ್ಯೆ ಡೇಯಸ್ ಎಕ್ಸ್ ತೆರೆದೆ. 2052ನೇ ಇಸವಿ. ಲಿಬರ್ಟಿ ಪ್ರತಿಮೆಯ ತಲೆಯೇ ಹಾರಿಹೋಗಿದೆ. ದೋಣಿಯಿಂದ ಇಳಿದರೆ ಅಣ್ಣ ಪಾಲ್ ನಿಂತಿದ್ದಾರೆ. ಯಾವ ಆಯುಧ ಬೇಕು ಅಂತ ಕೇಳುತ್ತಾರೆ. ನಾನು ನಿದ್ದೆ ಬರಿಸುವ ಬಾಣದ ಸಣ್ಣ ಬಿಲ್ಲು ತೆಗೆದುಕೊಂಡೆ. ಆದಷ್ಟು ಕೊಲ್ಲಬೇಡ ಅಂದಿದ್ದರು, ಹಾಗೇ ಮಾಡಿದೆ. ಪ್ರತಿಮೆಯ ಹಿಂದೆ ಪೆಟ್ಟಿಗೆಗಳ ಮೇಲೆ ಹತ್ತಿ ಒಳಗೆ ಹೋದೆ. ಮೂರು ಗಂಟೆ ಹಿಡಿಯಿತು.

ಮರುದಿನ ಆಟದೊಳಗಿನ ನಮ್ಮ ಆಫೀಸಿನಲ್ಲಿ ಸುಮ್ನೆ ಕುತೂಹಲಕ್ಕೆ ಹೆಂಗಸರ ಶೌಚಾಲಯಕ್ಕೆ ಹೋದೆ. ಆಮೇಲೆ ಬಾಸ್ ಕರೆದು ಅದೇ ವಿಷಯಕ್ಕೆ ಬುದ್ಧಿ ಹೇಳಿದರು! ನಾನು ಹುಡುಗಿ, ಅಭ್ಯಾಸದಲ್ಲಿ ಹೋಗಿಬಿಟ್ಟೆ, ಆದರೆ ಆಟದಲ್ಲಿ ನಾನು ಜೆಸಿ ಅನ್ನುವ ಗಂಡಸು ಅಲ್ವಾ. ಇಷ್ಟು ಸಣ್ಣದನ್ನೂ ಈ ಆಟ ನೋಡುತ್ತಿದೆ ಅಂದರೆ ಇನ್ನೇನೇನು ನೋಡುತ್ತಿರಬಹುದು?

ಅರಸೀಕೆರೆ_ಪ್ಯಾಸೆಂಜರ್

ಇನ್ನು ಸ್ವಲ್ಪ ಮುಂದೆ ಹೋದರೆ ಹೋಟೆಲ್ ಬರುತ್ತದೆ. ಅಲ್ಲಿ [ಮೇಲ್ವಿಚಾರಕರು ಈ ಸಾಲನ್ನು ತೆಗೆದಿದ್ದಾರೆ]

ಬಿಎಂರೋಡ್_ಹಳಬ

ಮೇಲ್ವಿಚಾರಕರಿಗೆ ವಂದನೆ. ಮಾರಾಯ, ಆ ಒಂದು ಜಾಗವನ್ನು ಮಾತ್ರ ಅವಳೇ ಆಡಲಿ. ದಯವಿಟ್ಟು.

ಅರಸೀಕೆರೆ_ಪ್ಯಾಸೆಂಜರ್

ತಪ್ಪಾಯಿತು ಅಣ್ಣ. ಉತ್ಸಾಹದಲ್ಲಿ ಬರೆದುಬಿಟ್ಟೆ.

ಏಲಕ್ಕಿ19 (ಮುಂದಿನ ಸೋಮವಾರ)

ಇದರಲ್ಲಿ ಕಥೆಯ ಗುಟ್ಟಿದೆ. ಡೇಯಸ್ ಎಕ್ಸ್ ಆಡದವರು ಓದಬೇಡಿ.

ಹೋಟೆಲ್ ಆಯಿತು. ಪಾಲ್ ಹುಷಾರಿಲ್ಲದೆ ಕೋಣೆಯಲ್ಲಿದ್ದರು. ನಮ್ಮ ಆಫೀಸಿನವರೇ ಹುಡುಕಿಕೊಂಡು ಬಂದರು. ನೀನು ಕಿಟಕಿಯಿಂದ ಹೋಗು ಅಂದರು ಪಾಲ್. ಅಣ್ಣ ಹೇಳಿದರು ಅಂತ ನಾನು ಕಿಟಕಿಯಿಂದ ಹೋದೆ. ಬೇರೆ ದಾರಿ ಇದೆ ಅಂತ ಹೊಳೆಯಲೇ ಇಲ್ಲ. ಆಮೇಲೆ ನಾನೂ ಸಿಕ್ಕಿಬಿದ್ದೆ. ಜೈಲಿನಿಂದ ತಪ್ಪಿಸಿಕೊಂಡು ಓಡಾಡುವಾಗ ಒಂದು ಲ್ಯಾಬಿನಲ್ಲಿ ಪಾಲ್ ಅವರ ಹೆಣ ಇತ್ತು. ತುಂಬ ಹೊತ್ತು ಅಲ್ಲೇ ನಿಂತಿದ್ದೆ. ಕಥೆ ಇರುವುದೇ ಹೀಗೆ, ಏನು ಮಾಡಲಾಗುತ್ತದೆ ಅಂದುಕೊಂಡೆ.

ಆಮೇಲೆ, ನಾನು ಆಡಿ ಆಯಿತಲ್ಲ ಅಂತ, ಮಾವನ ಸೇವ್‌ಗಳ ಪಟ್ಟಿ ತೆಗೆದೆ. ಕೊನೆಯ ಹನ್ನೊಂದು ಸೇವ್‌ಗೂ ಒಂದೇ ಹೆಸರು, 'ಅಣ್ಣ'. ಅಣ್ಣ 1, ಅಣ್ಣ 2, ಹೀಗೆ. ಕೊನೆಯದನ್ನು ತೆರೆದೆ.

ಅದು ಹೋಟೆಲ್. ಕೆಳಗಿನ ಹಾಲ್. ಎರಡೂ ಕಾಲು ಹೋಗಿವೆ, ಜೆಸಿ ನೆಲದ ಮೇಲೆ ತೆವಳುತ್ತಿದ್ದಾನೆ. ಪಿಸ್ತೂಲಿನಲ್ಲಿ ಎರಡು ಗುಂಡು. ಮೆಡ್‌ಕಿಟ್ ಒಂದೂ ಇಲ್ಲ. ಸುತ್ತ ಸಿಪಾಯಿಗಳು ಬಿದ್ದಿದ್ದಾರೆ, ಬಾಗಿಲ ಹತ್ತಿರ ಕರಿ ಕೋಟಿನವನೊಬ್ಬ ಇನ್ನೂ ನಿಂತಿದ್ದಾನೆ. ತಿರುಗಿ ನೋಡಿದರೆ ಮೆಟ್ಟಿಲ ಮೇಲೆ ಪಾಲ್. ಬದುಕಿಯೇ ಇದ್ದಾರೆ!

ಮಾವ ಕಿಟಕಿಯಿಂದ ಹೋಗಿರಲಿಲ್ಲ.

ಆಗ ಮಾವ ತೋಟದಿಂದ ಬಂದರು. ರೈನ್‌ಕೋಟ್ ತೆಗೆಯದೆ ಬಾಗಿಲಲ್ಲೇ ನಿಂತು ಪರದೆ ನೋಡಿದರು. ನಮ್ಮ ಮಾವ ಮಾತು ಕಮ್ಮಿ. ಇದೆಲ್ಲ ಇನ್ನೂ ಇದೆಯಾ ಅಂದರು, ಅಷ್ಟೇ. ಯಾಕೆ ಮುಂದೆ ಆಡಲಿಲ್ಲ ಅಂತ ಕೇಳಿದೆ. ಆ ವರ್ಷ ಕಾಫಿ ಬೆಲೆ ಬಿದ್ದುಹೋಗಿತ್ತಂತೆ. ಆಳು ಇಡಲು ಆಗುತ್ತಿರಲಿಲ್ಲ, ಅಜ್ಜನ ಒಬ್ಬರ ಕೈಲೇ ತೋಟ ಆಗುತ್ತಿರಲಿಲ್ಲ. ಅಂಗಡಿ ಮುಚ್ಚಿ, ಕಂಪ್ಯೂಟರನ್ನು ಜೀಪಿಗೆ ಹಾಕಿಕೊಂಡು ಊರಿಗೆ ಬಂದರಂತೆ. ಬಂದ ಮೇಲೆ ಆಟ ತೆರೆಯಲೇ ಇಲ್ಲವಂತೆ.

ಪಾಲ್ ಹೋಗು ಅಂದರೂ ಯಾಕೆ ಹೋಗಲಿಲ್ಲ ಅಂದೆ. ಬಿಟ್ಟು ಹೋಗೋಕೆ ಆಗುತ್ತಾ ಅಂದರು.

ನಾನು ಕುರ್ಚಿ ಬಿಟ್ಟೆ. ಮಾವ ರೈನ್‌ಕೋಟ್ ತೆಗೆದು ಕೂತರು. ಕೀಗಳೆಲ್ಲ ಮರೆತಿದ್ದರು, ನಾನು ಹೇಳಿಕೊಟ್ಟೆ. ನಾಲ್ಕು ಸಲ ಸತ್ತರು. ಐದನೇ ಸಲ ಆ ಕರಿ ಕೋಟಿನವನು ಪಾಲ್ ಕಡೆ ತಿರುಗಿದಾಗ ಮಾವ ಗೋಡೆ ಹಿಡಿದು ತೆವಳತೊಡಗಿದರು. ಸರಿಯಾಗಿ ಅದೇ ಹೊತ್ತಿಗೆ ಕರೆಂಟು ಹೋಯಿತು. ಯುಪಿಎಸ್ ಕೂಗತೊಡಗಿತು. ಅದು ಐದು ನಿಮಿಷ ನಿಲ್ಲುತ್ತದೆ ಅಷ್ಟೇ. ಮಾವ ಅಲುಗಾಡಲಿಲ್ಲ. ಹಾಗೇ ತೆವಳುತ್ತಾ ಮುಂಬಾಗಿಲು ದಾಟಿದರು. ಸೇವ್ ಮಾಡಿ, ಹೆಸರಿನ ಜಾಗದಲ್ಲಿ 'ಹೊರಗೆ' ಅಂತ ಟೈಪ್ ಮಾಡಿ, ಆಮೇಲೆ ಆಫ್ ಮಾಡಿದರು.

ಬಿಎಂರೋಡ್_ಹಳಬ

ನಾನು 2001ರಲ್ಲಿ ಕಿಟಕಿಯಿಂದ ಹೋದವನು. ಪಾಲ್‌ನನ್ನು ಉಳಿಸಬಹುದು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ನಂತರ. ಮಾವನಿಗೆ ನನ್ನ ನಮಸ್ಕಾರ ಹೇಳು ತಂಗಿ. ನೀನು ನಿನ್ನ ಆಟದಲ್ಲಿ ಹಿಂದಕ್ಕೆ ಹೋಗಿ ಮತ್ತೆ ಆಡುತ್ತೀಯಾ?

ಏಲಕ್ಕಿ19

ಇಲ್ಲ ಅಣ್ಣ. ನನ್ನದರಲ್ಲಿ ಪಾಲ್ ಇಲ್ಲ, ಅದನ್ನು ಹಾಗೇ ಮುಂದುವರಿಸುತ್ತೇನೆ. ಮಾವನದರಲ್ಲಿ ಇದ್ದಾರಲ್ಲ. ಮಾವ ಈಗ ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ಆಡುತ್ತಾರೆ, ನಾನು ಪಕ್ಕದಲ್ಲಿ ಕೂತು ನೋಡುತ್ತೇನೆ. ಇಬ್ಬರಿಗೂ ಒಂದೇ ಬಾಗಿಲಲ್ಲಿ ಬೇರೆ ಬೇರೆ ಮಾತು ಕೇಳಿಸುತ್ತಿದೆ.

ರತ್ನಗಿರಿ_ಬೋರೆ

ಈ ಥ್ರೆಡ್ಡನ್ನು ನನ್ನ ತಮ್ಮನಿಗೆ ಕಳಿಸಿದೆ. ಶನಿವಾರ ಮನೆಗೆ ಬರುತ್ತಾನೆ. ಈ ಸಲ ಮೊದಲ ಅರ್ಧ ಗಂಟೆ ನಾನು ಜೊತೆಗಿರುತ್ತೇನೆ.

ಏಲಕ್ಕಿ19 (ಹಾಸನದಿಂದ)

ಹಾಸ್ಟೆಲ್‌ಗೆ ಬಂದೆ. ದ ಡಾರ್ಕ್ ಮಾಡ್ ಇಳಿಯುತ್ತಿದೆ, ರಾತ್ರಿಯೊಳಗೆ ಆಗುತ್ತದೆ. ಸಿಲ್ವರ್ ಓಕ್ ಅಕ್ಕಾ, ಮೊದಲು ಯಾವ ಮಿಷನ್ ಆಡಲಿ?

ಸಿಲ್ವರ್_ಓಕ್

ಜೊತೆಗೇ ತರಬೇತಿ ಮಿಷನ್ ಬರುತ್ತದೆ, ಅದನ್ನು ಬಿಡಬೇಡ, ಬೀಗ ತೆಗೆಯುವ ರೀತಿ ಥೀಫ್‌ಗಿಂತ ಬೇರೆ. ಬೀಗದ ಸದ್ದು ಕೇಳಿ ಲಯ ಹಿಡಿಯಬೇಕು. ಆಮೇಲೆ ಎ ನ್ಯೂ ಜಾಬ್ ಆಡು, ಅದೂ ಜೊತೆಗೇ ಇದೆ, ಚಿಕ್ಕದು. ಹೆಡ್‌ಫೋನ್ ಮರೆಯಬೇಡ ಪುಟ್ಟಿ.